ಅಕ್ಕ ಕೂತ ಪಂಕ್ತಿ

ಎಲೆಯ ತುಂಬ ಹೋಳಿಗೆ, ಚಿತ್ರಾನ್ನ, ಕೋಸಂಬರಿ, ಎರಡು ಬಗೆಯ ಪಲ್ಯ ಬಡಿಸಿಕೊಂಡು, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಅದರ ಮುಂದೆ ಕೂತು, ಒಂದು ಅಗುಳನ್ನೂ ಬಾಯಿಗೆ ಹಾಕದೆ ನೀವು ಎಂದಾದರೂ ಎದ್ದು ಬಂದಿದ್ದೀರಾ? ಇಲ್ಲ ತಾನೆ? ಹಾಗಾದರೆ ಟಿವಿಯಲ್ಲಿ ಮದುವೆ ಊಟ ತೋರಿಸುವಾಗ ಸುಮ್ಮನೆ ಬಾಯಲ್ಲಿ ನೀರು ತಂದುಕೊಳ್ಳಬೇಡಿ. ಅಂಥ ಪಂಕ್ತಿಯಲ್ಲಿ ಕೂತು ಬಂದವಳು ಹೇಳುತ್ತಿದ್ದೇನೆ.

ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಈಚೆಗಷ್ಟೇ ಕಲಿತಿದ್ದೇನೆ. ನಾನು ಒಂದು ಅಕ್ಷರ ಒತ್ತಿದರೆ ಅದು ಮೂರು ಶಬ್ದ ತೋರಿಸಿ ಇದೋ, ಇದೋ ಎಂದು ಕೇಳುತ್ತದೆ. ನನ್ನ ಮಾತು ಮುಗಿಯುವವರೆಗೆ ತಡೆಯದ ಇನ್ನೊಬ್ಬರು ಮನೆಗೆ ಬಂದಂತಾಗಿದೆ. ಇರಲಿ. ಶೂಟಿಂಗಿನ ಕತೆ ಹೇಳುತ್ತೇನೆ. ಕತೆ ನನ್ನದಲ್ಲ, ನಮ್ಮ ಅಕ್ಕನದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ರಾಯಚೂರು ಪೇಟೆಯಲ್ಲಿ ಬೆಳೆದವಳು. ಅವಳು ದೇವದುರ್ಗದ ಕಡೆ ಗೂಗಲ್ ಎಂಬ ಹಳ್ಳಿಯವಳು, ಕೃಷ್ಣೆಯ ದಂಡೆಯಲ್ಲಿ ಓಡಾಡಿಕೊಂಡಿದ್ದವಳು. ಮಾನವಿ ಊರಿನ ಒಂದೇ ಮನೆಗೆ ಇಬ್ಬರೂ ಸೊಸೆಯರಾಗಿ ಬಂದೆವು. ನಾನು ಹೊಸ್ತಿಲು ದಾಟುವಾಗ ಆರತಿ ಹಿಡಿದು ನಿಂತಿದ್ದವಳು ಅವಳೇ. ಹಸಿರು ಸೀರೆ, ಕೈತುಂಬ ಬಳೆ, ಕಾಸಗಲ ಕುಂಕುಮ. ಆರತಿಯ ಬೆಳಕಿನಲ್ಲಿ ಆ ಮುಖ ನೋಡಿ, ಅಯ್ಯೋ, ಇವಳ ಪಕ್ಕದಲ್ಲಿ ನಿಂತರೆ ನನ್ನನ್ನು ಯಾರು ನೋಡುತ್ತಾರೆ ಎಂದು ಹೊಟ್ಟೆ ಉರಿದುಕೊಂಡೇ ಬಲಗಾಲಿಟ್ಟು ಒಳಗೆ ಬಂದೆ.

ನಾನು ಬಂದ ಮರುವರ್ಷವೇ ಭಾವನವರು ಜ್ವರ ಬಂದು ತೀರಿಕೊಂಡರು. ಅಕ್ಕನಿಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ. ಮನೆಯ ಹಿರಿಯರು ಅವಳ ಕೂದಲನ್ನು ಬಿಟ್ಟರು, ಕುಂಕುಮವನ್ನು ಬಿಡಲಿಲ್ಲ. ಕೂದಲಿದ್ದ ವಿಧವೆ ಎಂದು ಮಡಿ ಅಡುಗೆಗೆ ಅವಳನ್ನು ಸೇರಿಸಲಿಲ್ಲ. ಮುತ್ತೈದೆಯಲ್ಲ ಎಂದು ಮದುವೆ ಮುಂಜಿಯ ಪಂಕ್ತಿಯಲ್ಲಿ ಕೂರಿಸಲಿಲ್ಲ. ಒಲೆಯ ಹತ್ತಿರವೂ ಇಲ್ಲ, ಎಲೆಯ ಮುಂದೆಯೂ ಇಲ್ಲ. ಉಳಿದದ್ದು ಒಂದೇ ಕೆಲಸ: ಎಲ್ಲರೂ ಉಂಡೆದ್ದ ಮೇಲೆ ಎಂಜಲೆಲೆ ಎತ್ತುವುದು, ನೆಲಕ್ಕೆ ಸಗಣಿ ನೀರು ಹಾಕಿ ಸಾರಿಸಿ ಮುಂದಿನ ಪಂಕ್ತಿಗೆ ಜಾಗ ಶುದ್ಧ ಮಾಡುವುದು. ನಮ್ಮಲ್ಲಿ ಅದಕ್ಕೆ ಗೋಮಯ ಹಚ್ಚುವುದು ಎನ್ನುತ್ತಾರೆ. ಎಷ್ಟು ಮದುವೆಗಳಲ್ಲಿ ಎಷ್ಟು ಪಂಕ್ತಿಗೆ ಹಚ್ಚಿದಳೋ! ಕೊನೆಯವರು ಎದ್ದು ಕೈ ತೊಳೆಯಲು ಹೋಗುವುದರೊಳಗೆ ಅವಳು ಸೆರಗು ಬಿಗಿದು ಆ ತುದಿಯಿಂದ ಈ ತುದಿಗೆ ಬಂದಿರುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ಅಕ್ಕನ ಮದುವೆಯ ಫೋಟೊ ಇಲ್ಲ. ಗೂಗಲ್ಲಿಗೆ ಬರಬೇಕಿದ್ದ ಫೋಟೊದವನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ಅವನು ಬರುವುದರೊಳಗೆ ಬೀಗರು ಹೊರಟುಹೋಗಿದ್ದರಂತೆ. ರಾಯಚೂರಿಗೆ ಹೋದಾಗ ಸ್ಟುಡಿಯೋದಲ್ಲಿ ತೆಗೆಸೋಣ ಎಂದು ಭಾವನವರು ಹೇಳಿದ್ದರು. ಹೋಗಲಿಲ್ಲ, ತೆಗೆಸಲಿಲ್ಲ. ಒಮ್ಮೆ ಸಂಡಿಗೆ ಇಡುವಾಗ, ಯಾವ ಮಾತೂ ಇಲ್ಲದೆ ಇದ್ದಕ್ಕಿದ್ದಂತೆ ಅಕ್ಕ ಅಂದಿದ್ದಳು: "ಕುಂಕುಮ ಹಚ್ಚಿಕೊಂಡಾಗ ಹೆಂಗ ಕಾಣ್ತಿದ್ದೆ ನಾನು, ನನಗೇ ನೆನಪಿಲ್ಲ ನೋಡು. ನಿನಗ ನೆನಪದೇನು?" ನನಗೆ ನೆನಪಿತ್ತು. ಆದರೆ ನೆನಪನ್ನು ತೆಗೆದು ಕೈಯಲ್ಲಿ ಕೊಡುವುದು ಹೇಗೆ? "ಚಂದ ಕಾಣ್ತಿದ್ದಿ, ನನಗಿಂತ ಚೂರು ಕಡಿಮಿ" ಎಂದು ನಗಿಸಿದ್ದೆ.

ಹೋದ ವರ್ಷ ಚಳಿಗಾಲದಲ್ಲಿ ನಮ್ಮ ಓಣಿಯ ಶಾಮಿಯಾನದವನು ಬಂದ. ಮದುವೆಗಳಿಗೆ ಪಾತ್ರೆ, ಪೆಂಡಾಲು ಕೊಡುವವನು. ಕಟ್ಟೆಯ ಮೇಲೆ ಕೂತವನೇ ಸುರು ಮಾಡಿದ.

"ಯವ್ವಾ, ದೇವದುರ್ಗದಾಗ ಸೀರಿಯಲ್ ಶೂಟಿಂಗ್ ನಡದದ. ಮದುವಿ ಊಟದ ಸೀನ್ ಅಂತ. ಪೆಂಡಾಲ್ ನಂದೇ. ಕೂಡಾಕ ಮಂದೀನೂ ನೀನೇ ತಂದು ಕೊಡು ಅಂದಾರ. ಪಂಕ್ತಿಯೊಳಗ ಕೂತು ರೂಢಿ ಇದ್ದ ಹಿರೇರು ಬೇಕಂತ್ರಿ."

"ನಾವೇನ ಮಾಡಬೇಕೋ ಅಲ್ಲೆ?"

"ಏನಿಲ್ರಿ, ಕೂಡಬೇಕು. ಅಷ್ಟ."

"ಕೂಡಾಕ ಕರಿಯೋರು ಈ ಜನ್ಮದಾಗ ನೀವೊಬ್ರೇ ನೋಡಪ್ಪಾ. ಬರ್ತೀವಿ."

ನಮ್ಮ ಮನೆಯವರು ಪೇಪರಿನ ಹಿಂದಿನಿಂದ, "ಈ ವಯಸ್ಸಿನ್ಯಾಗ ನಾಟಕ ಮಾಡ್ಲಿಕ್ಕೆ ಹೊಂಟ್ಯಾ?" ಎಂದರು.

"ನಿಮ್ಮ ಜೋಡಿ ಇಷ್ಟ ವರ್ಷ ಮಾಡಿದ್ದೇನ್ರಿ ಮತ್ತ?" ಎಂದೆ. ಪೇಪರು ಇನ್ನೂ ಸ್ವಲ್ಪ ಮೇಲೆ ಹೋಯಿತು.

ಅಕ್ಕ ಮೊದಲು ಒಲ್ಲೆ ಎಂದಳು. ನಿನ್ನ ತವರಿನ ತಾಲೂಕು, ಆ ಕಡೆಯ ಗಾಳಿಯಾದರೂ ಕುಡಿದು ಬರೋಣ ಎಂದು ನಾನೇ ಎಳೆದೆ. ಹೊತ್ತು ಮೂಡುವಾಗ ಟೆಂಪೋ ಹತ್ತಿದೆವು. ಭತ್ತದ ಗದ್ದೆ ಮುಗಿದು ಹತ್ತಿ ಹೊಲ ಸುರುವಾಗುತ್ತಲೇ ಅಕ್ಕ ಕಿಟಕಿಗೆ ಮುಖ ಕೊಟ್ಟು ಕೂತುಬಿಟ್ಟಳು. ಮದುವೆಯಾಗಿ ಈ ದಾರಿಯಲ್ಲಿ ಬಂದಾಗ ಟ್ರ್ಯಾಕ್ಟರಿನ ಹಿಂದೆ ಕಂಬಳಿ ಹಾಸಿ ಕೂರಿಸಿದ್ದರಂತೆ. ದಾರಿಯ ಪ್ರತಿ ಕುಣಿಗೆ ಹಣೆಗೆ ಕಟ್ಟಿದ ಹೂವಿನ ದಂಡೆ ಜಾರಿ ಮೂಗಿನ ಮೇಲೆ ಬರುತ್ತಿತ್ತಂತೆ, ಭಾವನವರು ಕದ್ದು ಕದ್ದು ಸರಿಮಾಡುತ್ತಿದ್ದರಂತೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತನ್ನು ನಾನು ಕೇಳಿದ್ದು ಅಂದೇ.

ದೇವದುರ್ಗದಲ್ಲಿ ಒಂದು ಹಳೆಯ ಕಲ್ಲಿನ ವಾಡೆ, ಅಂದರೆ ಕೋಟೆಯಂಥ ದೊಡ್ಡ ಮನೆ, ಬಾಡಿಗೆಗೆ ಹಿಡಿದಿದ್ದರು. ಒಳಗಿನ ಅಂಗಳ ನೋಡಿ ನಾನು ಒಂದು ಗಳಿಗೆ ನಿಂತುಬಿಟ್ಟೆ. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ, ಸಾರಿಸಿದ ನೆಲ, ಸಾಲು ಸಾಲು ಮಣೆ, ಎಲೆಯ ಸುತ್ತ ರಂಗೋಲಿ. ನಮ್ಮ ಮಾನವಿ ಮನೆಯ ಮದುವೆಗಳೆಲ್ಲ ಎಲ್ಲಿಗೆ ಹೋದವು ಎಂದುಕೊಳ್ಳುತ್ತಿದ್ದೆ, ಇಲ್ಲಿ ಬಂದು ಕೂತಿದ್ದವು! ಹಗಲು ಹೊತ್ತಿನಲ್ಲಿ ಉರಿಯುವ ದೊಡ್ಡ ದೀಪಗಳು, ನೆಲದ ಮೇಲಿನ ವೈರುಗಳು ಇಲ್ಲದಿದ್ದರೆ ನಾನು ಸೀದಾ ಒಳಗೆ ಹೋಗಿ ಬೀಗರಿಗೆ ಪಾನಕ ಕೊಟ್ಟರೋ ಇಲ್ಲವೋ ಎಂದು ಕೇಳುತ್ತಿದ್ದೆ. ಹಿತ್ತಲಲ್ಲಿ ಶೋಭೆಗೆಂದು ಕೊಂಬಿಗೆ ಬಣ್ಣ ಹಚ್ಚಿದ ಆಕಳನ್ನೂ ಕಟ್ಟಿದ್ದರು.

ನಮ್ಮನ್ನು ಒಂದು ಕೋಣೆಗೆ ಕರೆದೊಯ್ದರು. ಮೇಕಪ್ಪಿನ ಹುಡುಗಿ ಬೆಂಗಳೂರಿನವಳು, ಕೈ ಬಲು ಚುರುಕು. ಅಕ್ಕನಿಗೆ ಹಸಿರು ಇಳಕಲ್ ಸೀರೆ ಉಡಿಸಿದಳು, ಬಳೆ ತೊಡಿಸಿದಳು. ಆಮೇಲೆ ಗದ್ದ ಹಿಡಿದು ಮುಖ ಎತ್ತಿ, "ಅಯ್ಯೋ ಅಜ್ಜಿ, ಹಣೆ ಖಾಲಿ ಇದೆಯಲ್ಲ" ಎನ್ನುತ್ತಲೇ ಬೆರಳಿನಿಂದ ಕುಂಕುಮ ಇಟ್ಟೇಬಿಟ್ಟಳು.

ನಾನು ಸೆರಗಿನ ತುದಿ ಕೈಗೆ ತೆಗೆದುಕೊಂಡೆ. ಅಕ್ಕ ಕದಲಲಿಲ್ಲ. ಹುಡುಗಿಗೆ ಏನೂ ತಿಳಿಯದು, ಅವಳು ಆಗಲೇ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

"ಅಕ್ಕಾ, ಒರೆಸಲೇನು?" ಎಂದೆ ಮೆಲ್ಲಗೆ.

"ತಡಿ. ಕನ್ನಡಿ ಕೊಡವಾ ಇಲ್ಲೆ."

ಹುಡುಗಿ ಕೊಟ್ಟ ಕನ್ನಡಿ ಅಂಗೈಯಷ್ಟು. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣದು. ಅಕ್ಕ ಅದನ್ನು ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿಕೊಂಡಳು. ಅಷ್ಟರಲ್ಲಿ ಹುಡುಗಿ ಮುಂದಿನವರಿಗೆ ಬೇಕೆಂದು ಅದನ್ನು ಇಸಿದುಕೊಂಡಳು.

"ಇದು ಬಣ್ಣ. ಬಣ್ಣಕ್ಕ ಯಾರು ಹೆಸರಿಡ್ತಾರ" ಎಂದಳು ಅಕ್ಕ. ಆಮೇಲೆ ನನ್ನ ಕಿವಿಗೆ ಬಾಗಿ, "ಟಿವಿಯೊಳಗ ಬರ್ತದಲ್ಲ ಇದು? ಪೂರ್ತಿ ಮಾರಿ ಕಾಣ್ತದಲ್ಲ?"

"ಕಾಣ್ತದ ಅಕ್ಕಾ."

"ಹಂಗಾದ್ರ ಇರ್ಲಿ."

ಎದುರು ಬದರು ಎರಡು ಸಾಲು. ನಾನು ಒಂದರಲ್ಲಿ, ಅಕ್ಕ ಸರಿಯಾಗಿ ನನ್ನ ಎದುರಿಗೆ ಇನ್ನೊಂದರಲ್ಲಿ. ನನ್ನ ಪಕ್ಕದಲ್ಲಿ ಮದುಮಗನ ಅತ್ತೆಯ ಪಾರ್ಟಿನ ದೊಡ್ಡ ನಟಿ. ಬೆಳಿಗ್ಗೆ ಕ್ಯಾಮೆರಾ ನಮ್ಮ ಸಾಲನ್ನು ತೆಗೆಯುತ್ತದೆ, ಊಟ ಆದ ಮೇಲೆ ತಿರುಗಿಸಿ ಅಕ್ಕನ ಸಾಲನ್ನು ತೆಗೆಯುತ್ತದೆ ಎಂದು ಗಡ್ಡದ ಸಹಾಯಕ ನಿರ್ದೇಶಕ ಹೇಳಿದ. ಡೈರೆಕ್ಟರು ಎಂಬುವವರು ಛತ್ರಿಯ ಕೆಳಗೆ ಕೂತಿದ್ದರು. ಕೂಗುವ ಕೆಲಸವೆಲ್ಲ ಈ ಗಡ್ಡದವನದು.

"ಅಮ್ಮಂದಿರೇ, ಯಾರೂ ತಿನ್ನಬೇಡಿ, ತಿನ್ನೋ ತರ ಮಾಡಿ. ಮಾತಾಡಬೇಡಿ, ಮಾತಾಡೋ ತರ ಮಾಡಿ. ಎಲೆ ಮೇಲೆ ಈಗ ಏನು ಹೇಗಿದೆಯೋ ಮಧ್ಯಾಹ್ನಾನೂ ಹಾಗೇ ಇರಬೇಕು. ಯಾರು ಎಲ್ಲಿ ಕೂತಿದ್ದೀರೋ ಅಲ್ಲೇ ಕೂರಬೇಕು. ಇಲ್ಲಾಂದ್ರೆ ಶಾಟು ಕೂಡೋದಿಲ್ಲ."

"ಉಸಿರಾದರೂ ಖರೇ ಆಡಬಹುದೇನಪ್ಪಾ? ಇಲ್ಲ ಅದೂ ಆಡೋ ತರಾನೋ?" ಎಂದೆ. ಪಕ್ಕದ ನಟಿ ಕಿಸಕ್ಕೆಂದಳು.

ತಿನ್ನಬೇಡಿ ಎಂದಮೇಲೆ ಬೆರಳು ಸುಮ್ಮನಿರುತ್ತದೆಯೇ? ಹೋಳಿಗೆಯ ಅಂಚನ್ನು ಒಂದಿಷ್ಟು ಮುರಿದು ಬಾಯಿಗೆ ಹಾಕಿಕೊಂಡೆ. ಎರಡನೇ ಸಲ ಶಾಟು ತೆಗೆಯುವಾಗ ಇನ್ನೊಂದಿಷ್ಟು. ಮೂರನೆಯದಕ್ಕೆ ಗಡ್ಡದವನು ನನ್ನ ಎಲೆಯ ಮುಂದೆ ಬಗ್ಗಿ ನಿಂತ.

"ಅಮ್ಮ, ನಿಮ್ಮ ಹೋಳಿಗೆ ಚಿಕ್ಕದಾಗಿದೆ."

"ನಿಮ್ಮ ದೀಪದ ಝಳಕ್ಕ ಕುಗ್ಗಿರಬೇಕು."

ಹೊಸ ಹೋಳಿಗೆ ಬಂತು. ಅದನ್ನು ಮುಟ್ಟಿದರೆ ನನ್ನನ್ನೇ ಮುರಿಯುವವನಂತೆ ನೋಡಿ ಹೋದ.

ಆಮೇಲೆ ನಾನು ಅಕ್ಕನನ್ನು ನೋಡುತ್ತ ಕೂತೆ. ಅವಳು ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ, ಹೊಸ ಮದುಮಗಳ ಹಾಗೆ ಕಣ್ಣು ಕೆಳಗಿಟ್ಟು ಅನ್ನ ಕಲಸುತ್ತಿದ್ದಳು, ಕಲಸುತ್ತಲೇ ಇದ್ದಳು. ಬಳೆಗಳ ಸದ್ದು ನನ್ನ ತನಕ ಬರುತ್ತಿತ್ತು. ನನ್ನ ನಾದಿನಿಯ ಮದುವೆಯಲ್ಲಿ ಇಂಥದೇ ಪಂಕ್ತಿಯಲ್ಲಿ ನಾನು ಕೂತು, ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ, ಬಾಗಿಲ ಸಂದಿಯಲ್ಲಿ ಸಗಣಿ ಬಕೆಟ್ಟು ಹಿಡಿದು ನಾವು ಏಳುವುದನ್ನೇ ಕಾಯುತ್ತಿದ್ದ ಅಕ್ಕ ಕಂಡಿದ್ದಳು. ನನಗೆ ಕಣ್ಣು ಮಿಟುಕಿಸಿ, ಇನ್ನೊಂದು ಹಾಕಿಸಿಕೋ ಎಂದು ಸನ್ನೆ ಮಾಡಿದ್ದಳು. ಆ ಮದುವೆಯ ಊಟದ ರುಚಿ ಮರೆತಿದೆ. ಆ ಸನ್ನೆ ಮರೆತಿಲ್ಲ.

ಈಗ ಅವಳು ತಲೆ ಎತ್ತಿ ತುಟಿ ಮಾತ್ರ ಆಡಿಸಿದಳು. ಮಾತಾಡೋ ತರ ಮಾಡಬೇಕಲ್ಲ! ತುಟಿ ನೋಡಿ ನನಗೆ ತಿಳಿಯಿತು. "ತೊವ್ವಿಗೆ ಉಪ್ಪಿಲ್ಲ" ಅನ್ನುತ್ತಿದ್ದಳು. ಕಳ್ಳಿ! ಅವಳೂ ರುಚಿ ನೋಡಿದ್ದಳು.

ಊಟದ ಬ್ರೇಕ್ ಎಂದು ಕೂಗಿದರು. ಹೊರಗಿನ ಪೆಂಡಾಲಿನಲ್ಲಿ ನಿಜವಾದ ಊಟ. ಎಲ್ಲರೂ ಎದ್ದು ಓಡಿದೆವು. ಅಕ್ಕ ಮಾತ್ರ, "ನೀ ನಡಿ, ಬಂದೆ" ಎಂದಳು. ಕೈ ತೊಳೆಯಲು ಹೋಗಿರಬೇಕು ಎಂದುಕೊಂಡು ನಾನು ಉಂಡೆ. ಹಸಿವೆಯಲ್ಲಿ ಯಾರ ನೆನಪೂ ಆಗುವುದಿಲ್ಲ ನೋಡಿ. ಮಜ್ಜಿಗೆ ಕುಡಿಯುವಾಗ ಒಳಗಿನಿಂದ ಗಡ್ಡದವನ ಕೂಗು ಕೇಳಿಸಿತು.

ಹೋಗಿ ನೋಡಿದರೆ ಅಂಗಳದಲ್ಲಿ ಒಂದು ಎಲೆಯೂ ಇಲ್ಲ. ಮಣೆಗಳನ್ನು ಗೋಡೆಗೆ ಒರಗಿಸಿ ಇಟ್ಟಿದೆ. ನೆಲ ಆ ತುದಿಯಿಂದ ಈ ತುದಿಯವರೆಗೆ ಹಸಿ ಹಸಿಯಾಗಿ ಸಾರಿಸಿ, ಗುಡಿಯ ಅಂಗಳದಂತೆ ಹೊಳೆಯುತ್ತಿದೆ. ಹಿತ್ತಲಲ್ಲಿ ಆ ಶೋಭೆಯ ಆಕಳು ಇಡೀ ಸೀನನ್ನು ಮೇಯುತ್ತಿದೆ. ಬಾಯಿಂದ ಹೋಳಿಗೆ ಜೋತಾಡುತ್ತಿದೆ. ಸಗಣಿಯೂ ಆ ಆಕಳದೇ ಎಂದು ಹೇಳಬೇಕಿಲ್ಲ.

ನಡುವೆ ಅಕ್ಕ. ಸೆರಗು ಸೊಂಟಕ್ಕೆ ಬಿಗಿದು, ಬಳೆ ಮೊಳಕೈಗೆ ಏರಿಸಿ, ಮಣಿಕಟ್ಟಿನವರೆಗೆ ಸಗಣಿ.

"ಯಾರು ಮಾಡಿದ್ದು ಇದು?" ಗಡ್ಡದವನು ತಲೆಯ ಮೇಲೆ ಕೈ ಹೊತ್ತಿದ್ದ.

"ನಾನಪಾ" ಎಂದಳು ಅಕ್ಕ. "ಎಲ್ಲಾರೂ ಎದ್ದು ಹೋದ್ರಿ. ಎಂಜಲೆಲಿ ಹಂಗ ಬಿಡಬಾರದಲ್ಲ."

"ಅಜ್ಜೀ, ಯಾರೂ ತಿಂದಿಲ್ಲ ಅದನ್ನ! ಎಂಜಲು ಎಲ್ಲಿಂದ ಬಂತು?"

"ಕೈ ಹಾಕಿ ಕಲಸ್ಯಾರಲ್ಲ. ಕಲಸಿದ್ಮ್ಯಾಲ ಎಂಜಲಾನ."

ಶಾಮಿಯಾನದವನು ಓಡಿ ಬಂದು ಕೈ ಮುಗಿಯತೊಡಗಿದ. "ಸರ, ಹಿರೇರ್ರಿ, ಗೊತ್ತಿಲ್ದ ಮಾಡ್ಯಾರ. ಹೊಸಾ ಎಲಿ ಅದಾವ, ಅರ್ಧಾ ತಾಸಿನ್ಯಾಗ ಬಡಿಸಿ ಕೊಡ್ತೀನಿ."

"ಬಡಿಸಿ. ಆದರೆ ಈ ಅಜ್ಜಿ ಬೇಡ. ಇವರನ್ನ ಗಾಡಿ ಹತ್ತಿಸಿ. ಇವರ ಸಾಲು ಇನ್ನೂ ತೆಗೆದಿಲ್ಲ, ಆ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ."

ಅಕ್ಕ ನೆಲ ನೋಡಿದಳು, ತನ್ನ ಕೈ ನೋಡಿಕೊಂಡಳು. ತಾನು ಏನು ಮಾಡಿದೆ ಎಂದು ಅವಳಿಗೆ ಆಗ ಹೊಳೆದಿರಬೇಕು. ಭಾವನವರು ಹೋದ ಮೇಲೆ ಇದೊಂದೇ ಸಲ ಪಂಕ್ತಿಯಲ್ಲಿ ಕೂತಳು, ಬ್ರೇಕ್ ಎಂದ ಕೂಡಲೇ ಕೈಗಳು ತಮ್ಮ ಹಳೆಯ ಕೆಲಸಕ್ಕೆ ಹೊರಟುಹೋದವು. ಅವಳ ಎಲೆಯನ್ನು ಅವಳೇ ಎತ್ತಿದ್ದಳು. ನಲ್ಲಿಯ ಕಡೆ ಹೋಗಿ ಕೈ ತೊಳೆದು, ಮೇಕಪ್ಪಿನ ಹುಡುಗಿಯ ಮುಂದೆ ನಿಂತು, "ಚೂರು ಹತ್ತಿ ಅರಳಿ ಕೊಡವಾ, ಹಣಿ ಒರೆಸಿಕೋತೀನಿ" ಎಂದಳು. ಕ್ಯಾಮೆರಾ ಇನ್ನೂ ಅವಳ ಕಡೆ ತಿರುಗಿಯೇ ಇರಲಿಲ್ಲ.

ಹೊಸ ಎಲೆ ಹಾಕಿದರು. ಹಸಿ ನೆಲ ಒಣಗಲೆಂದು ಆಳೆತ್ತರದ ಫ್ಯಾನು ತಂದು ತಿರುಗಿಸಿದರು. ಎಲ್ಲರೂ ಅವರವರ ಜಾಗದಲ್ಲಿ ಕೂತರು. ನಾನು ಕಂಬ ಹಿಡಿದು ನಿಂತೇ ಇದ್ದೆ.

"ಅಮ್ಮ, ಕೂತ್ಕೊಳ್ಳಿ" ಎಂದ ಗಡ್ಡದವನು.

"ನಾ ಒಲ್ಲೆ."

"ಅಯ್ಯೋ, ನೀವು ಬೇಕು. ಬೆಳಿಗ್ಗೆ ಮೇಡಂ ಪಕ್ಕ ನಿಮ್ಮ ಮುಖ ಬಂದುಬಿಟ್ಟಿದೆ!"

"ಬಂದದಲ್ಲ? ಮುಂಜಾನಿ ಇದ್ದದ್ದು ಮಧ್ಯಾಹ್ನಾನೂ ಇರಬೇಕು ಅಂತ ನೀವೇ ಪಾಠ ಹೇಳೀರಿ. ನಾ ಇಲ್ಲಂದ್ರ, ಉಣ್ಣೂಕಿಂತ ಮದ್ಲ ಇದ್ದ ಮುದುಕಿ ಹುಳಿ ಬಡಿಸೂದ್ರಾಗ ಎಲ್ಲಿ ಮಾಯ ಆದ್ಲು ಅಂತ ನೋಡಿದವರು ಕೇಳ್ತಾರ. ಎದುರಿಗೆ ನಮ್ಮಕ್ಕ ಕೂಡಬೇಕು. ಆಕಿ ಕೂಡಲಿಲ್ಲಂದ್ರ ನನಗ ತುತ್ತು ಇಳಿಯೂದಿಲ್ಲ."

"ನೀವು ತುತ್ತು ಇಳಿಸೋದೇ ಬೇಡಮ್ಮ!"

"ಇಳಿಯೋ ತರ ಮಾಡೂದೂ ಆಗೂದಿಲ್ಲ."

ಬಿಸಿಲು ಗೋಡೆ ಏರುತ್ತಿತ್ತು. ಬೆಳಕು ಹೋದರೆ ಅಂದಿನ ಕೆಲಸವೆಲ್ಲ ಹಾಳು. ಛತ್ರಿಯ ಕೆಳಗಿನ ಡೈರೆಕ್ಟರು ಮೊದಲ ಸಲ ಬಾಯಿ ಬಿಟ್ಟರು. "ಕೂರಿಸ್ರೀ ಆ ಅಜ್ಜಿನ. ಬ್ರೇಕ್ ಕೊಟ್ಟಾಗ ಮಾತ್ರ ಇಬ್ಬರು ಹಿಡ್ಕೊಳ್ಳಿ."

ಇಡೀ ಪಂಕ್ತಿ ನಕ್ಕಿತು. ನಾನು ಹೋಗಿ ಅಕ್ಕನ ಕೈ ಹಿಡಿದೆ. ಕೈಯಲ್ಲಿ ಅರಳೆ ಇತ್ತು, ಇನ್ನೂ ಹಣೆಗೆ ಹೋಗಿರಲಿಲ್ಲ.

"ಬ್ಯಾಡವಾ. ಅವರ ಕೆಲಸಾ ಕೆಡಿಸೀನಿ. ಯಾವ ಮಾರಿ ಹೊತ್ತು ಕೂಡ್ಲಿ?"

"ಅದೇ ಮಾರಿ ಹೊತ್ತು ಕೂಡು. ನಾ ಈ ಮನಿಗೆ ಬಂದಾಗಿಂದ ಒಂದು ಮದುವಿಯೊಳಗೂ ನಿನ್ನ ಎದುರಿಗೆ ಕೂತು ಉಂಡಿಲ್ಲ ಅಕ್ಕಾ. ಇವತ್ತರ ಕೂಡು."

ಅವಳು ನನ್ನ ಮುಖ ನೋಡಿದಳು. ಅರಳೆಯನ್ನು ಹುಡುಗಿಯ ಕೈಯಲ್ಲಿಟ್ಟು ಬಂದು ಕೂತಳು. ಕ್ಯಾಮೆರಾವನ್ನು ನನ್ನ ಹಿಂದೆ ತಂದಿಟ್ಟು ಅವಳ ಕಡೆ ತಿರುಗಿಸಿದರು. ಈ ಸಲ ಅಕ್ಕ ಕಣ್ಣು ಕೆಳಗೆ ಹಾಕಲಿಲ್ಲ. ಮುಖ ಎತ್ತಿ ಕೂತಳು. ಬಡಿಸುವವರು ಬಂದರು, ಹೋದರು. ಹುಳಿ ಬಂತು, ಸಾರು ಬಂತು. ನಾವಿಬ್ಬರೂ ಅನ್ನ ಕಲಸುತ್ತ, ತುಟಿ ಆಡಿಸುತ್ತ, ಯಾರಿಗೂ ಕೇಳಿಸದಂತೆ ಸತ್ತುಹೋದ ನಮ್ಮ ಅತ್ತೆಯನ್ನು ಮನಸಾರೆ ಆಡಿಕೊಂಡೆವು. ಎಷ್ಟು ವರ್ಷವಾಗಿತ್ತು ಹಾಗೆ ನಕ್ಕು!

ಕೆಲಸ ಮುಗಿದ ಮೇಲೆ ಕೋಣೆಯಲ್ಲಿ ಅಕ್ಕ ಬಳೆ ತೆಗೆದಿಟ್ಟಳು, ಸೀರೆ ಮಡಿಸಿ ಕೊಟ್ಟಳು, ಹಣೆ ಒರೆಸಿಕೊಂಡಳು. ನಾನು ಸುಮ್ಮನಿರಲಾರದೆ, "ಬ್ಯಾಸರಾತೇನ ಅಕ್ಕಾ?" ಎಂದೆ.

"ಬ್ಯಾಸರ ಯಾಕ? ಆವಾಗ ಬ್ಯಾರೆಯವರು ಒರೆಸಿದ್ರು. ಇವತ್ತ ನಾನೇ ಒರೆಸಿಕೊಂಡೆ" ಎಂದು ಚಪ್ಪಲಿ ಹುಡುಕತೊಡಗಿದಳು.

ಆ ಸೀನು ಟಿವಿಯಲ್ಲಿ ಬಂದ ದಿನ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಅಕ್ಕ ದೇವರ ಮುಂದೆ ದೀಪ ಹಚ್ಚಿ, ಎಲ್ಲರಿಗಿಂತ ಮುಂದೆ ಬಂದು ಕೂತಳು. ಮೊದಲು ನಮ್ಮ ಸಾಲು ಬಂತು. ದೊಡ್ಡ ನಟಿಯ ಪಕ್ಕದಲ್ಲಿ ನಾನು ಕಂಡೆ, ಎಲ್ಲರೂ ಹೋ ಎಂದರು. ನಮ್ಮ ಮನೆಯವರು, "ಹೋಳಿಗಿ ತಿನ್ನಾಕತ್ತಾಳ ನೋಡ್ರಿ ಕಳ್ಳಿ" ಎಂದು ಎಲ್ಲರಿಗೂ ತೋರಿಸಿದರು. ಆಮೇಲೆ ಎದುರಿನ ಸಾಲು. ನಾನು ಅಕ್ಕನ ಭುಜ ಹಿಡಿದೆ.

ಟಿವಿಯ ತುಂಬ ಒಂದು ಬೆನ್ನು. ದೊಡ್ಡ, ಅಗಲವಾದ, ನೇರಳೆ ಬಣ್ಣದ ಕುಪ್ಪಸದ ಬೆನ್ನು. ನನ್ನದೇ. ಕ್ಯಾಮೆರಾ ನನ್ನ ಹಿಂದೆ ಇಟ್ಟಿದ್ದರಲ್ಲ, ಅದಕ್ಕೆ ಕಂಡದ್ದು ಮೊದಲು ನಾನು. ಆ ಬೆನ್ನಿನ ಅಂಚಿನಿಂದ ಆಚೆಗೆ ಅಕ್ಕನ ಅರ್ಧ ಮುಖ. ಒಂದು ಕಣ್ಣು, ಮೂಗಿನ ಒಂದು ಬದಿ, ಅರ್ಧ ಕುಂಕುಮ. ನಗುತ್ತಿದ್ದ ಅರ್ಧ ತುಟಿ. ಅತ್ತೆಯನ್ನು ಆಡಿಕೊಂಡ ಹೊತ್ತಿನದು ಇರಬೇಕು. ನೀವು ಒಮ್ಮೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಹೋಗಿ ಮದುಮಗಳು ಅಳತೊಡಗಿದಳು.

ಮಂದಿ ನಗುತ್ತ ಗದ್ದಲ ಮಾಡುತ್ತಿದ್ದರು. ಅಕ್ಕ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಷ್ಟೆಲ್ಲ ಹಟ ಹಿಡಿದು ಅವಳನ್ನು ಕೂರಿಸಿ, ನಾನೇ ಅಡ್ಡ ಕೂತಿದ್ದೆನಲ್ಲ! ಮೈಯೆಲ್ಲ ಹಿಡಿಯಾಯಿತು. ಅವಳ ಹತ್ತಿರ ಸರಿದು, "ಅಕ್ಕಾ, ಅರ್ಧಾನ ಬಂತಲ್ಲ" ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ತುಟಿ ನಗುತ್ತಿತ್ತು.

"ಇನ್ನರ್ಧ ನೀ ನೋಡೀಯಲ್ಲ, ಸಾಕು. ನಾಳೆ ಮಧ್ಯಾಹ್ನ ಇದನ್ನೇ ಮತ್ತ ಹಾಕ್ತಾರಂತ. ಆವಾಗರ ಚೂರು ಸರಿದು ಕೂಡು."